ಅಲಮಾರಿಯ ಬೀಗ ತೆಗೆಯಿರಿ: ಶಾಲೆಯಲ್ಲಿ ಕೋಡಿಂಗ್, ಕೈಕೆಲಸ ಶುರು ಮಾಡುವ ಬಗೆ

ನಾನು ಪಾಠ ಮಾಡಿದ ಒಂದು ಶಾಲೆಯಲ್ಲಿ ಅಲಮಾರಿಯ ಮೇಲಿನ ಖಾನೆಯಲ್ಲಿ ಒಂದು ನೀಲಿ ಡಬ್ಬಿ ಇತ್ತು. ಒಳಗೆ ಆರ್ಡುಯಿನೋ ಬೋರ್ಡು (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಹಲಗೆ), ಪುಟ್ಟ ಮೋಟರುಗಳು, ಬಣ್ಣಬಣ್ಣದ ವೈರು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಸೆನ್ಸರುಗಳು. ಯಾರೋ ಕೊಟ್ಟು ಹೋಗಿದ್ದರು. ಒಂದು ದಿನದ ತರಬೇತಿಯೂ ಆಗಿತ್ತಂತೆ. ಆಮೇಲೆ ಎರಡು ವರ್ಷ ಆ ಡಬ್ಬಿ ಕೆಳಗಿಳಿದಿರಲಿಲ್ಲ. ಎಲ್ಲರಿಗೂ ಒಂದೇ ಭಯ: ಮಕ್ಕಳು ಏನಾದರೂ ಸುಟ್ಟರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಏನಂತ ಬರೆಯೋದು?

ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಶಾಲೆಗಳಲ್ಲಿ ಇಂಥ ಡಬ್ಬಿ ಇರಬಹುದು. ಡಬ್ಬಿಯೇ ಇಲ್ಲದ ಶಾಲೆಗಳು ಅದಕ್ಕಿಂತ ಜಾಸ್ತಿ. ಈ ಲೇಖನ ಎರಡೂ ಕಡೆಯ ಮೇಷ್ಟ್ರು, ಟೀಚರುಗಳಿಗೆ. ನಾನು 6ರಿಂದ 9ನೇ ತರಗತಿಯ ಮಕ್ಕಳ ಜೊತೆ ಮಾಡಿ ನೋಡಿದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ನೀವು ಕಂಪ್ಯೂಟರ್ ಓದಿರಬೇಕಾಗಿಲ್ಲ. ನಾನು ಗಣಿತ ಕಲಿಸುವವರ ಪೈಕಿ.

ಇಡೀ ಕೆಲಸಕ್ಕೆ ನಾನು ಇಟ್ಟುಕೊಂಡ ನಿಯಮ ಒಂದೇ. ಮಗುವಿನ ಕೆಲಸ ಕೆಟ್ಟಾಗ ನನ್ನ ಎರಡೂ ಕೈ ನನ್ನ ಬೆನ್ನ ಹಿಂದೆ ಇರಬೇಕು. ಮೌಸ್ ಕಸಿದುಕೊಳ್ಳಬಾರದು, ವೈರ್ ಎಳೆದು ಸರಿ ಮಾಡಿಕೊಡಬಾರದು. ಬದಲಿಗೆ ಮೂರು ಪ್ರಶ್ನೆ ಕೇಳಬೇಕು. ಅವನ್ನು ಡ್ರಾಯಿಂಗ್ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ:

ಏನಾಗಬೇಕಿತ್ತು?
ಏನಾಯ್ತು?
ಎಲ್ಲಿಂದ ಬೇರೆ ಆಯ್ತು?

ಮುಂದೆ ಬರುವ ಪ್ರತಿ ಹಂತದಲ್ಲೂ ಈ ಮೂರು ಪ್ರಶ್ನೆ ಬೇಕಾಗುತ್ತವೆ.

ಮೊದಲು ರಿಜಿಸ್ಟರ್ ಮಾತು ಮುಗಿಸಿ

ಪಾಠಕ್ಕಿಂತ ಮುಂಚೆ ಹೆಡ್‌ಮಾಸ್ಟರ್ ಜೊತೆ ಕೂತು ಸಾಮಾನನ್ನು ಎರಡು ಪಾಲು ಮಾಡಿ. ಬೋರ್ಡು, ಲ್ಯಾಪ್‌ಟಾಪು ಒಂದು ಪಾಲು. ಎಲ್‌ಇಡಿ, ಸೆಲ್, ವೈರು, ಮೊಳೆ, ಅಂಟು ಇನ್ನೊಂದು ಪಾಲು. ಎರಡನೆಯದು ಸೀಮೆಸುಣ್ಣದ ಹಾಗೆ, ಬಳಸಿದರೆ ಖರ್ಚಾಗುವಂಥದ್ದು. ಹಾಗೇ ಬರೆದಿಟ್ಟುಬಿಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಮಾತು ಹೇಳಿ, ನಡಾವಳಿಯಲ್ಲಿ ಸೇರಿಸಿ. ಅರ್ಧ ಗಂಟೆಯ ಕೆಲಸ. ನಮ್ಮ ನೀಲಿ ಡಬ್ಬಿ ಕೆಳಗಿಳಿದದ್ದು ಇದಾದ ಮೇಲೆಯೇ.

ಸಮಯಕ್ಕೆ ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಸಾಕು. ಬಿಡಿ 40 ನಿಮಿಷದಲ್ಲಿ ಸಾಮಾನು ಹಂಚಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಬ್ಯಾಗ್ ಇಲ್ಲದ ಶನಿವಾರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜೂನ್‌ನಲ್ಲಿ ಶುರು ಮಾಡಿದರೆ ಫೆಬ್ರವರಿಯೊಳಗೆ ಎಲ್ಲ ಮುಗಿಯುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೀಟಿನ ಕೋಣೆಯೊಳಗೆ ಮಕ್ಕಳನ್ನು ಕೂರಿಸಿ ಏನೂ ಮಾಡಿಸಲಾಗದು.

ಮೊದಲ ಎರಡು ವಾರ: ಪರಸಿಯೇ ಕಂಪ್ಯೂಟರ್

ನಮ್ಮ ಭಾಗದ ಶಾಲೆಗಳಿಗೆ ಒಂದು ಭಾಗ್ಯ ಇದೆ. ನೆಲಕ್ಕೆ ಶಹಾಬಾದಿ ಪರಸಿ ಹಾಕಿರುತ್ತಾರೆ. ಚೌಕ ಚೌಕ ಕಲ್ಲು, ಸಾಲಾಗಿ. ಬೆಂಚು ಸರಿಸಿದರೆ ಚೌಕಳಿ ಸಿದ್ಧ. ಪರಸಿ ಇಲ್ಲದಿದ್ದರೆ ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ.

ಒಂದು ಮೂಲೆಯ ಕಲ್ಲಿನ ಮೇಲೆ ಒಬ್ಬ ವಿದ್ಯಾರ್ಥಿ ನಿಲ್ಲಲಿ. ಅವರೇ ರೋಬೋಟು. ಎದುರಿನ ಮೂಲೆಯಲ್ಲಿ ನೀರಿನ ಕೊಡ ಇಡಿ. ನಡುವೆ ನಾಲ್ಕೈದು ಕಲ್ಲಿನ ಮೇಲೆ ಪಾಟಿಚೀಲ ಇಡಿ. ರೋಬೋಟಿಗೆ ಮೂರೇ ಮಾತು ಗೊತ್ತು: ಒಂದು ಕಲ್ಲು ಮುಂದೆ ಹೋಗು, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಮೂವರ ಒಂದು ಗುಂಪು ಕೊಡದವರೆಗಿನ ದಾರಿಯನ್ನು ಕಾಗದದ ಮೇಲೆ ಪೂರ್ತಿ ಬರೆಯಬೇಕು. ಬರೆದು ಮುಗಿಯುವ ತನಕ ರೋಬೋಟ್ ಅಲುಗುವಂತಿಲ್ಲ. ಓದಲು ಶುರು ಮಾಡಿದ ಮೇಲೆ ತಿದ್ದುವಂತಿಲ್ಲ.

ಈ ಕೊನೆಯ ನಿಯಮವನ್ನು ಸಡಿಲ ಬಿಡಬೇಡಿ, ಆಟದ ಜೀವ ಅದರಲ್ಲೇ ಇದೆ. ಮೊದಲ ದಿನ ನಮ್ಮ ರೋಬೋಟ್ ಹುಡುಗಿ ಆರನೇ ಮಾತಿಗೇ ಗೋಡೆ ಮುಟ್ಟಿದಳು. "ಟೀಚರ್, ನಾ ಗ್ವಾಡಿಗಿ ಬಡದೀನ್ರಿ!" ಎಂದು ಕೂಗಿದಳು. ಬರೆದವರು ಕೈ ಬೀಸಿ ಆ ಕಡೆ ತಿರುಗು ಅನ್ನುತ್ತಿದ್ದಾರೆ, ಅವಳು ತಿರುಗಲೊಲ್ಲಳು, ಕಾಗದದಲ್ಲಿ ಅದು ಇಲ್ಲವಲ್ಲ. ಆಗ ಗೋಡೆಯ ಮೂರು ಪ್ರಶ್ನೆ ಕೇಳಿದೆವು. ಕಾಗದವನ್ನು ಒಂದೊಂದೇ ಸಾಲಾಗಿ ಓದುತ್ತಾ ಹೋದಾಗ ನಾಲ್ಕನೇ ಸಾಲಿನಲ್ಲಿ ತಪ್ಪು ಸಿಕ್ಕಿತು. ರೋಬೋಟ್ ಅವರ ಕಡೆ ಮುಖ ಮಾಡಿ ನಿಂತಿದ್ದಳು. ಇವರು ತಮ್ಮ ಎಡವನ್ನು ಬರೆದಿದ್ದರು, ಅವಳು ತನ್ನ ಎಡಕ್ಕೆ ತಿರುಗಿದ್ದಳು. ಈ ಒಂದು ವಿಷಯ ಪರಸಿ ಮೇಲೆ ಗಟ್ಟಿಯಾದರೆ ಮುಂದೆ ಪರದೆಯ ಮೇಲೆ ಅರ್ಧ ಕಷ್ಟ ತಪ್ಪುತ್ತದೆ.

ಎರಡನೇ ದಿನ ಮಕ್ಕಳೇ ಕೇಳುತ್ತಾರೆ: ಐದು ಸಲ "ಮುಂದೆ" ಅಂತ ಯಾಕೆ ಬರೆಯಬೇಕು, "5 ಸಲ ಮುಂದೆ" ಅಂತ ಬರೆಯಬಾರದಾ? ಅದೇ ಲೂಪ್. ಅವರು ಕೇಳುವ ತನಕ ಕಾಯಿರಿ, ನೀವಾಗಿ ಹೇಳಬೇಡಿ. ಮೂರನೇ ದಿನ ರೋಬೋಟ್ ಕಣ್ಣು ಮುಚ್ಚಿದ ಮೇಲೆ ಚೀಲಗಳ ಜಾಗ ಬದಲಿಸಿ. ಈಗ "ಮುಂದೆ ಚೀಲ ಇದ್ದರೆ ಬಲಕ್ಕೆ ತಿರುಗು" ಅನ್ನುವ ಮಾತು ಬೇಕಾಗುತ್ತದೆ. ಕೋಡಿಂಗ್‌ನ ಮೂರು ಮುಖ್ಯ ವಿಚಾರ ಬಂದಾಯಿತು: ಕ್ರಮವಾಗಿ ಹೇಳುವುದು, ಮತ್ತೆ ಮತ್ತೆ ಮಾಡಿಸುವುದು, ಹೀಗಿದ್ದರೆ ಹೀಗೆ ಅನ್ನುವುದು. ಒಂದು ಯೂನಿಟ್ ಕರೆಂಟೂ ಖರ್ಚಾಗಿಲ್ಲ.

ಗಣಿತಜ್ಞ ಸೀಮೋರ್ ಪೇಪರ್ಟ್ ಮತ್ತು ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕೋಡಿಂಗ್ ಭಾಷೆ ಮಾಡಿದರು. ಅದರಲ್ಲಿ ಗೆರೆ ಎಳೆಯುತ್ತಾ ಓಡಾಡುವ ಆಮೆಗೂ ಹೇಳುತ್ತಿದ್ದುದು ಇಂಥವೇ ಮಾತು, ಮುಂದೆ, ಎಡಕ್ಕೆ, ಬಲಕ್ಕೆ. ಆಮೆ ಎತ್ತ ತಿರುಗಬೇಕು ಅಂತ ತಿಳಿಯದಿದ್ದರೆ ನೀನೇ ಆಮೆಯಾಗಿ ನಡೆದು ನೋಡು ಅಂತ ಮಕ್ಕಳಿಗೆ ಹೇಳುತ್ತಿದ್ದರು. ನಾವು ಪರಸಿ ಮೇಲೆ ಮಾಡಿದ್ದು ಅದನ್ನೇ.

ಒಂದು ದಿನ ರೊಟ್ಟಿಗೆ

ಜೋಳದ ರೊಟ್ಟಿ ಮಾಡುವುದು ಹೇಗೆ ಅಂತ ಬರೆಸಿ. ಮಕ್ಕಳು ಬರೆದದ್ದನ್ನು ಬರೆದ ಹಾಗೇ ನೀವು ಅಭಿನಯಿಸಿ. "ಹಿಟ್ಟಿಗೆ ನೀರು ಹಾಕು" ಅಂತ ಇದ್ದರೆ ಖಾಲಿ ಪರಾತದಲ್ಲಿ ನೀರು ಸುರಿಯುತ್ತಲೇ ಇರಿ. ಎಷ್ಟು ಅಂತ ಯಾರೂ ಬರೆದಿಲ್ಲ ಅಲ್ವಾ? "ಹಂಚಿನ ಮೇಲೆ ಹಾಕು" ಅಂದರೆ ಹಿಟ್ಟಿನ ಮುದ್ದೆಯನ್ನೇ ಇಟ್ಟುಬಿಡಿ, ಬಡಿಯುವುದನ್ನು ಬರೆದಿರದಿದ್ದರೆ.

ನಮ್ಮ ತರಗತಿಯಲ್ಲಿ ಎಲ್ಲರ ಪಟ್ಟಿಯೂ ಸರಿಯಿದೆ ಅನ್ನಿಸಿದಾಗ ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತಳು. ಮನೆಯಲ್ಲಿ ದಿನಾ ರೊಟ್ಟಿ ಬಡಿಯುವ ಹುಡುಗಿ. "ಮ್ಯಾಲ ನೀರ್ ಹಚ್ಚೋದು ಬರ್ದೇ ಇಲ್ರಿ ಟೀಚರ್." ರೊಟ್ಟಿ ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಹಚ್ಚಬೇಕು, ಆ ನೀರು ಆರುವ ತನಕ ಕಾದು ತಿರುವಿ ಹಾಕಬೇಕು. ಓದಿನಲ್ಲಿ ಹಿಂದೆ ಅಂತ ಎಲ್ಲರೂ ಅಂದುಕೊಂಡಿದ್ದ ಹುಡುಗಿ ಆಕೆ. ಅವತ್ತು ಇಡೀ ತರಗತಿಯ ಪ್ರೋಗ್ರಾಂ ತಿದ್ದಿದ್ದು ಅವಳೇ. "ನೀರು ಆರುವ ತನಕ" ಅನ್ನೋದನ್ನು ಬೋರ್ಡಿನ ಮೇಲೆ ಬರೆದು ಗೆರೆ ಎಳೆದೆ. ಎಷ್ಟು ಸಲ ಅಂತ ಗೊತ್ತಿಲ್ಲದ, ಯಾವಾಗ ನಿಲ್ಲಿಸಬೇಕು ಅಂತ ಮಾತ್ರ ಗೊತ್ತಿರುವ ಲೂಪ್ ಅದು.

ಮೂರನೇ ವಾರ: ತೇರಿನ ಕಳಸಕ್ಕೆ ದೀಪ

ಈಗ ಕೈಕೆಲಸ. ಒಬ್ಬೊಬ್ಬರಿಗೆ ಒಂದು ದಪ್ಪ ಕಾಗದ, ಒಂದು ಕೆಂಪು ಎಲ್‌ಇಡಿ, ಒಂದು 3 ವೋಲ್ಟಿನ ನಾಣ್ಯದಾಕಾರದ ಸೆಲ್, ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆಯ ಎರಡು ಪಟ್ಟಿ, ಅಂಟು ಟೇಪು. ಚಿತ್ರ ಅವರಿಷ್ಟ. ನಮ್ಮಲ್ಲಿ ಹೆಚ್ಚಿನವರು ಶರಣಬಸವೇಶ್ವರರ ತೇರು ಬರೆದು ಕಳಸಕ್ಕೆ ದೀಪ ಇಟ್ಟರು. ಬಂದೇ ನವಾಜ್ ದರ್ಗಾದ ಗುಮ್ಮಟ ಬರೆದವರಿದ್ದರು, ಟ್ರ್ಯಾಕ್ಟರ್ ಬರೆದವರೂ ಇದ್ದರು.

ಎಲ್‌ಇಡಿಯ ಎರಡು ಕಾಲನ್ನು ಚಿತ್ರದಲ್ಲಿ ತೂತು ಮಾಡಿ ಹಿಂದಕ್ಕೆ ತೂರಿಸಿ, ಬೇರೆ ಬೇರೆ ದಿಕ್ಕಿಗೆ ಬಾಗಿಸಿ. ಪ್ರತಿ ಕಾಲಿಗೆ ಒಂದು ಪಟ್ಟಿ. ಒಂದು ಪಟ್ಟಿಯ ತುದಿ ಸೆಲ್ಲಿನ ಕೆಳಗೆ ಬರಲಿ. ಇನ್ನೊಂದು ಪಟ್ಟಿಯನ್ನು ಕಾಗದದ ಮೂಲೆಯವರೆಗೆ ಒಯ್ಯಿರಿ. ಮೂಲೆ ಮಡಚಿದಾಗ ಅದು ಸೆಲ್ಲಿನ ಮೇಲೆ ಕೂರಬೇಕು. ಮೂಲೆ ಒತ್ತಿದರೆ ದೀಪ, ಬಿಟ್ಟರೆ ಇಲ್ಲ. ಅದೇ ಸ್ವಿಚ್ಚು.

ಅರ್ಧ ಜನರ ದೀಪ ಹತ್ತುವುದಿಲ್ಲ. ಇಲ್ಲೇ ನಿಮ್ಮ ಕೈ ಬೆನ್ನ ಹಿಂದೆ ಇರಬೇಕಾದದ್ದು. ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು. ಎಲ್‌ಇಡಿ ಉಲ್ಟಾ ಆಗಿದೆ, ಉದ್ದ ಕಾಲು ಸೆಲ್ಲಿನ ಪ್ಲಸ್ ಕಡೆಗೇ ಹೋಗಬೇಕು. ಅಥವಾ ಎರಡು ಪಟ್ಟಿ ಒಂದಕ್ಕೊಂದು ತಾಗಿವೆ. ಅಥವಾ ಪಟ್ಟಿಯ ಮೇಲೆ ಅಂಟು ಬಿದ್ದು ಕಾಲಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಂಡಿದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. "ಏನೇನು ಬದಲಿಸಿ ನೋಡಿದಿರಿ?" ಅಂತ ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಲು ಹೇಳಿ. ಎಲ್ಲ ಒಟ್ಟಿಗೆ ಬದಲಿಸಿದರೆ ದೀಪ ಹತ್ತಿದರೂ ಯಾಕೆ ಹತ್ತಿತು ಅಂತ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ನಾಣ್ಯದಾಕಾರದ ಸೆಲ್ ನುಂಗಿದರೆ ಜೀವಕ್ಕೇ ಅಪಾಯ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ಸೆಲ್ಲುಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಮನೆಗೆ ಕಳಿಸಲೇಬೇಡಿ, ಅಲ್ಲಿ ಪುಟ್ಟ ತಮ್ಮ ತಂಗಿ ಇರುತ್ತಾರೆ. ಯಾರಾದರೂ ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ, ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಸೆಲ್ಲಿನ ಬಗ್ಗೆ ಹೆದರಿಕೆ ಇದ್ದರೆ ಎರಡು ಮಾಮೂಲಿ ಪೆನ್ಸಿಲ್ ಸೆಲ್ ಜೋಡಿಸಿ, ಜೊತೆಗೆ 100 ಓಮ್‌ನ ರೆಸಿಸ್ಟರ್ (ಕರೆಂಟ್ ಕಡಿಮೆ ಮಾಡುವ ಪುಟ್ಟ ತುಂಡು) ಹಾಕಿ. ನಾನು ಈಗ 6ನೇ ತರಗತಿಗೆ ಹಾಗೇ ಮಾಡುತ್ತೇನೆ. ಹಾಗೇ ಇನ್ನೆರಡು ಮಾತು: ಗೋಡೆಯ ಪ್ಲಗ್ಗಿನ ಕರೆಂಟಿಗೂ ಈ ತರಗತಿಗೂ ಸಂಬಂಧ ಬೇಡ. ಹಳೆ ಮೊಬೈಲ್ ಬ್ಯಾಟರಿ ಬಿಚ್ಚುವುದೂ ಬೇಡ.

ಎರಡನೇ ತಿಂಗಳು: ಕಂಪ್ಯೂಟರ್ ಮುಂದೆ

ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರ್ಯಾಚ್ ಎಂಬ ತಂತ್ರಾಂಶ ಬಳಸಿ. ಅಮೆರಿಕದ ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿದ್ದು, 2007ರಲ್ಲಿ ಎಲ್ಲರಿಗೂ ಸಿಕ್ಕಿತು, ಉಚಿತ. ಸಾಲುಗಳನ್ನು ಟೈಪ್ ಮಾಡುವ ಬದಲು ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಸಿಕ್ಕಿಸುವುದು. ಇಂಟರ್ನೆಟ್ ನೆಚ್ಚಿಕೊಳ್ಳಬೇಡಿ. ಎಲ್ಲಾದರೂ ನೆಟ್ ಚೆನ್ನಾಗಿರುವ ಕಡೆ ಆಫ್‌ಲೈನ್ ಆವೃತ್ತಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತನ್ನಿ. ವಿಂಡೋಸ್ ಬದಲು ಲಿನಕ್ಸ್ ಇರುವ ಕಂಪ್ಯೂಟರಿಗೆ ಟರ್ಬೋವಾರ್ಪ್ ಹಾಕಿಕೊಳ್ಳಬಹುದು, ಸ್ಕ್ರ್ಯಾಚ್‌ನ ಹಾಗೇ ಇರುತ್ತದೆ.

ನಾಲ್ಕು ಕಂಪ್ಯೂಟರ್, 40 ಮಕ್ಕಳು ಇದ್ದರೆ? 12 ಮಂದಿ ಕಂಪ್ಯೂಟರ್ ಮುಂದೆ, ಉಳಿದವರು ಪರಸಿ ಮೇಲೆ ಅಥವಾ ಕೈಕೆಲಸದಲ್ಲಿ. ಮುಂದಿನ ವಾರ ಅದಲು ಬದಲು. ಒಂದು ಕಂಪ್ಯೂಟರಿಗೆ ಮೂವರು: ಒಬ್ಬರು ಮೌಸ್ ಹಿಡಿಯುತ್ತಾರೆ, ಒಬ್ಬರು ಏನು ಮಾಡಬೇಕು ಹೇಳುತ್ತಾರೆ, ಒಬ್ಬರು ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಿ. ಗಂಟೆ ಇಲ್ಲದಿದ್ದರೆ ಮೌಸ್ ಕೊನೆಯ ತನಕ ಒಂದೇ ಕೈಯಲ್ಲಿ ಉಳಿಯುತ್ತದೆ. ಅದು ಹೆಚ್ಚಾಗಿ ಹುಡುಗನ ಕೈ. ಹುಡುಗಿಯರು ತಾವಾಗಿ ಬರೆಯುವ ಕೆಲಸಕ್ಕೆ ಸರಿದುಬಿಡುತ್ತಾರೆ. ಇದನ್ನು ನಾನು ಮೊದಲ ವರ್ಷ ಗಮನಿಸಲೇ ಇಲ್ಲ. ನೋಟ್‌ಬುಕ್ ತಿದ್ದುವಾಗ ಎಲ್ಲ ಗುಂಪಿನಲ್ಲೂ ಹುಡುಗಿಯರ ಕೈಬರಹವೇ ಇರುವುದನ್ನು ಕಂಡು ಬೇಜಾರಾಯಿತು.

ತುಂಡುಗಳ ಮೇಲಿನ ಇಂಗ್ಲಿಷ್ ಬಗ್ಗೆ ಜಾಸ್ತಿ ಯೋಚಿಸಬೇಡಿ. ನನ್ನ ತರಗತಿಯಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಮನೆಮಾತಿನ ಮಕ್ಕಳಿದ್ದರು, ಎಲ್ಲರಿಗೂ ಆ ಪದ ಹೊಸದೇ. ಮೂವ್, ಟರ್ನ್, ರಿಪೀಟ್, ಇಫ್ ಹೀಗೆ ಹತ್ತು ಪದ ಬರೆದು, ಪರಸಿ ಆಟದಲ್ಲಿ ಅವರು ಆಡಿದ ಮಾತನ್ನು ಪಕ್ಕದಲ್ಲಿ ಬರೆದು ಗೋಡೆಗೆ ಹಾಕಿದೆವು. ಎರಡು ವಾರದಲ್ಲಿ ಯಾರೂ ಆ ಹಾಳೆ ನೋಡುತ್ತಿರಲಿಲ್ಲ.

ಮೊದಲ ಕೆಲಸ ಸ್ಕ್ರ್ಯಾಚ್ ಪರದೆಯ ಮೇಲೆ ಕಾಣುವ ಬೆಕ್ಕಿನ ಕೈಯಲ್ಲಿ ಚೌಕ ಬರೆಸುವುದು. ಎಡಗಡೆ ಕೆಳಮೂಲೆಯ ಗುಂಡಿ ಒತ್ತಿ ಪೆನ್ ಎಂಬ ಹೆಚ್ಚುವರಿ ತುಂಡುಗಳನ್ನು ಸೇರಿಸಿಕೊಳ್ಳಿ. ಪೆನ್ ಇಳಿಸು, 4 ಸಲ: 60 ಹೆಜ್ಜೆ ಮುಂದೆ, 90 ಡಿಗ್ರಿ ತಿರುಗು. ಇದನ್ನು ಮಕ್ಕಳು ಪರಸಿ ಮೇಲೆ ಆಗಲೇ ನಡೆದಿದ್ದಾರೆ.

ಎರಡನೇ ಕೆಲಸ ಬಿದರಿ. ಬೀದರ್‌ನ ಬಿದರಿ ಹೂಜಿ, ತಟ್ಟೆಯ ಚಿತ್ರವೊಂದನ್ನು ತೋರಿಸಿ. ಸತು ಮತ್ತು ತಾಮ್ರದ ಎರಕ, ಅದರ ಮೇಲೆ ಬೆಳ್ಳಿಯ ಕುಸುರಿ, ಕೊನೆಗೆ ಬೀದರ್ ಕೋಟೆಯ ಮಣ್ಣಿನಿಂದ ಬರುವ ಕಪ್ಪು. ಒಂದೇ ಎಸಳು ಸುತ್ತಲೂ ಮತ್ತೆ ಮತ್ತೆ ಬಂದು ಹೂವಾಗಿರುವುದನ್ನು ಬೆರಳಿಟ್ಟು ಎಣಿಸಲಿ. ಆಮೇಲೆ ಚೌಕವನ್ನೇ ಎಸಳು ಮಾಡಿಕೊಂಡು 8 ಸಲ ತಿರುಗಿಸಿ ಬರೆಯಲು ಹೇಳಿ. ಸುತ್ತು 360 ಡಿಗ್ರಿ, ಎಸಳು 8, ಹಾಗಾದರೆ ಪ್ರತಿ ಚೌಕ ಆದ ಮೇಲೆ ಎಷ್ಟು ತಿರುಗಬೇಕು? 45. ಈ ಭಾಗಾಕಾರ ಅವರೇ ಮಾಡಲಿ. ಪರದೆಯ ಹಿನ್ನೆಲೆಗೆ ಕಪ್ಪು, ಗೆರೆಗೆ ಬೆಳ್ಳಿ ಬಣ್ಣ ಕೊಟ್ಟರೆ ಚೆಂದ.

ಇಲ್ಲಿ ಒಂದು ತಪ್ಪು ಖಂಡಿತ ಆಗುತ್ತದೆ, ಆಗಲಿ. ಎರಡು ಲೂಪ್ ಇವೆ: ಒಳಗಿನದು ಚೌಕ ಬರೆಯುತ್ತದೆ, ಹೊರಗಿನದು ಚೌಕವನ್ನು ತಿರುಗಿಸುತ್ತದೆ. 45 ಡಿಗ್ರಿ ತಿರುಗುವ ತುಂಡು ಒಳಗಿನ ಲೂಪ್ ಮುಗಿದ ಮೇಲೆ ಬರಬೇಕು. ಒಂದು ಗುಂಪು ಅದನ್ನು ಒಳಗಿನ ಲೂಪಿಗೇ ಸಿಕ್ಕಿಸಿತ್ತು. ಪ್ರೋಗ್ರಾಂ ಓಡಿಸುವ ಹಸಿರು ಬಾವುಟ ಒತ್ತಿದರು. ಹೂವಿನ ಬದಲು ಎಂಟು ಮೊನೆಯ ನಕ್ಷತ್ರ ಬಂತು! ಮೂವರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಅಳಿಸಲು ಕೈ ಹಾಕಿದರು, ಅಳಿಸಬೇಡಿ ಅಂದೆ.

ಇಡೀ ತರಗತಿಯನ್ನು ಆ ಪರದೆಯ ಸುತ್ತ ಕರೆದೆ. ಏನಾಗಬೇಕಿತ್ತು? ಹೂವು. ಏನಾಯ್ತು? ನಕ್ಷತ್ರ. ಎಲ್ಲಿಂದ ಬೇರೆ ಆಯ್ತು? ಒಬ್ಬ ಹುಡುಗ ಪರಸಿಯ ಮೇಲೆ ನಿಂತು ನಡೆದು ತೋರಿಸಿದ. 60 ಹೆಜ್ಜೆ ಹೋಗಿ 90 ತಿರುಗುತ್ತದೆ, ಅಲ್ಲೇ ಇನ್ನೂ 45 ತಿರುಗುತ್ತದೆ, ಅಂದರೆ ಪ್ರತಿ ಸಲ 135. ಎಂಟು ಸಲ 135 ಅಂದರೆ 1080. ಅದು 360ರ ಮೂರು ಪಟ್ಟು. ಬೆಕ್ಕು ಮೂರು ಸುತ್ತು ಪೂರ್ತಿ ತಿರುಗಿ ಹೊರಟಲ್ಲಿಗೇ ಬಂದು ಸೇರುತ್ತದೆ, ಆದ್ದರಿಂದಲೇ ನಕ್ಷತ್ರ ಮುಚ್ಚಿಕೊಳ್ಳುತ್ತದೆ. ಒಟ್ಟು 32 ಗೆರೆ ಎಳೆದರೂ ಕಾಣುವುದು ಎಂಟೇ, ಅದೇ ದಾರಿಯನ್ನು ನಾಲ್ಕು ಸಲ ತುಳಿದಿರುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಕೋನಗಳ ಪಾಠವಾಗಿ ಮಾಡಿದ್ದರೆ ಎಷ್ಟು ಜನ ಕೇಳುತ್ತಿದ್ದರೋ. ಅವತ್ತು ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. 135ರ ಬದಲು 144 ಹಾಕಿದರೆ ಏನಾಗುತ್ತದೆ ಅಂತ ನೀವೇ ಮಾಡಿ ನೋಡಿ, ಮಕ್ಕಳಿಗೆ ಕೊಡುವ ಮುಂಚೆ.

ಬೀದರ್‌ಗೆ ಪ್ರವಾಸ ಹೋದರೆ ಮಹಮೂದ್ ಗವಾನ್ ಮದರಸಾದ ಗೋಡೆಯ ಹಂಚಿನ ಅಲಂಕಾರದಲ್ಲಿ, ರಂಗೀನ್ ಮಹಲಿನಲ್ಲಿ ಎಲ್ಲೆಲ್ಲಿ ಒಂದೇ ಆಕಾರ ತಿರುಗಿ ತಿರುಗಿ ಬಂದಿದೆ ಹುಡುಕಲು ಹೇಳಿ. ಎಷ್ಟು ಸಲ, ಎಷ್ಟು ಡಿಗ್ರಿ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬರಲಿ.

ಮಳಖೇಡದ ಲೆಕ್ಕ

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ, 9ನೇ ಶತಮಾನದವರು. ಅವರ 'ಗಣಿತಸಾರಸಂಗ್ರಹ'ದಲ್ಲಿ ಕೆಲವು ಗುಣಾಕಾರಗಳಿವೆ, ಉತ್ತರ ಕೊರಳ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಓದಿಸಿಕೊಳ್ಳುತ್ತದೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು.

ಮೊದಲು ಕೈಯಲ್ಲಿ ಮಾಡಿಸಿ, ಆಮೇಲೆ ಬೆಕ್ಕಿನ ಬಾಯಲ್ಲಿ ಹೇಳಿಸಿ. 8, 9ನೇ ತರಗತಿಯವರಿಗೆ ಮುಂದಿನ ಸವಾಲು: ಬಂದ ಉತ್ತರ ಹಾರ ಹೌದೋ ಅಲ್ಲವೋ ಅಂತ ಕಂಪ್ಯೂಟರೇ ಹೇಳಬೇಕು. ಅಂಕಿಗಳನ್ನು ಹಿಂದಿನಿಂದ ಒಂದೊಂದೇ ತೆಗೆದು ಜೋಡಿಸಿ, ಮೂಲದ ಜೊತೆ ಹೋಲಿಸಬೇಕು. ಇದಕ್ಕೆ ಎರಡು ವಾರ ಬೇಕಾಗುತ್ತದೆ, ಕೊಡಿ. ಪೈಥಾನ್ ಎಂಬ ಕೋಡಿಂಗ್ ಭಾಷೆ ಕಲಿಸುವವರಿದ್ದರೆ ಒಂದು ಖುಷಿಯ ಸಂಗತಿ. ಪೈಥಾನ್ 3ರಲ್ಲಿ ಚರಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. 'ಸಂಖ್ಯೆ', 'ಉತ್ತರ', 'ಹಾರ' ಅಂತ ಬರೆದರೂ ಪ್ರೋಗ್ರಾಂ ಓಡುತ್ತದೆ.

ಕೊನೆಯ ಕೆಲಸ: ಎರೆ ಮಣ್ಣಿನ ತೇವ ಅಳೆಯುವುದು

ಇದಕ್ಕೆ ಮೈಕ್ರೋಬಿಟ್ ಬೋರ್ಡ್ ಒಳ್ಳೆಯದು. ಅಂಗೈಗಿಂತ ಚಿಕ್ಕದು, ಮುಂಭಾಗದಲ್ಲಿ 25 ಪುಟ್ಟ ದೀಪ, ಎರಡು ಗುಂಡಿ. ಬಿಬಿಸಿ 2016ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆ ಹಂಚಲು ಮಾಡಿಸಿದ್ದು. ಪ್ರೋಗ್ರಾಂ ಬರೆಯಲು ಮೇಕ್‌ಕೋಡ್ ಎಂಬ ತಂತ್ರಾಂಶ ಇದೆ, ಸ್ಕ್ರ್ಯಾಚ್ ಕಲಿತವರಿಗೆ ಕಷ್ಟವಿಲ್ಲ. ಅದರಲ್ಲಿ ಪರದೆಯ ಮೇಲೇ ಒಂದು ಸುಳ್ಳು ಬೋರ್ಡ್ ಕಾಣುತ್ತದೆ. ಹಾಗಾಗಿ ಒಂದೇ ಬೋರ್ಡ್ ಇದ್ದರೂ ಇಡೀ ತರಗತಿ ಪ್ರೋಗ್ರಾಂ ಬರೆದು ನೋಡಬಹುದು. ನಿಮ್ಮ ಡಬ್ಬಿಯಲ್ಲಿ ಆರ್ಡುಯಿನೋ ಇದ್ದರೆ ಅದರಲ್ಲೂ ಇದೇ ಕೆಲಸ ಆಗುತ್ತದೆ, ಜೋಡಿಸುವ ಬಗೆ ಸ್ವಲ್ಪ ಬೇರೆ.

1. ಸತುವಿನ ಲೇಪ ಇರುವ ಎರಡು ಉದ್ದ ಮೊಳೆ ತನ್ನಿ. ಹಳೆ ಹವಾಯಿ ಚಪ್ಪಲಿಯ ತುಂಡಿಗೆ ಎರಡು ಬೆರಳು ಅಂತರ ಬಿಟ್ಟು ಚುಚ್ಚಿ. ಅಂತರ ಬದಲಾದರೆ ಅಳತೆಯೂ ಬದಲಾಗುತ್ತದೆ, ಚಪ್ಪಲಿಯ ರಬ್ಬರ್ ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ.

2. ಒಂದು ಮೊಳೆಗೆ ಕ್ಲಿಪ್ ವೈರ್ ಹಾಕಿ ಬೋರ್ಡಿನ 0 ಎಂಬ ತೂತಿಗೆ ಸಿಕ್ಕಿಸಿ, ಇನ್ನೊಂದನ್ನು 1 ಎಂಬ ತೂತಿಗೆ. ಈ ತೂತುಗಳಿಗೇ ಪಿನ್ ಅನ್ನುವುದು.

3. ಪ್ರೋಗ್ರಾಂ ಹೀಗೆ: ಎ ಗುಂಡಿ ಒತ್ತಿದಾಗ 1ನೇ ಪಿನ್ನಿಗೆ ಕರೆಂಟ್ ಕೊಡು. 0ನೇ ಪಿನ್ನಿನ ಅನಲಾಗ್ ಅಳತೆಯನ್ನು 'ತೇವ' ಎಂಬ ಚರದಲ್ಲಿ ಇಟ್ಟುಕೊ. 1ನೇ ಪಿನ್ನಿನ ಕರೆಂಟ್ ನಿಲ್ಲಿಸು. 'ತೇವ'ದ ಸಂಖ್ಯೆ ತೋರಿಸು. ಅಳೆಯುವಾಗ ಮಾತ್ರ ಕರೆಂಟ್ ಕೊಡುವುದಕ್ಕೆ ಕಾರಣ ಇದೆ. ಸದಾ ಹರಿಯುತ್ತಿದ್ದರೆ ಒದ್ದೆ ಮಣ್ಣಿನಲ್ಲಿ ಮೊಳೆ ಬೇಗ ಸವೆಯುತ್ತದೆ.

4. ಸಂಖ್ಯೆ 0ಯಿಂದ 1023ರ ನಡುವೆ ಬರುತ್ತದೆ. ಮಣ್ಣು ಒದ್ದೆಯಾದಷ್ಟೂ ಜಾಸ್ತಿ. ಆದರೆ ಪಕ್ಕದ ಶಾಲೆಯ ಸಂಖ್ಯೆ ನಿಮಗೆ ಉಪಯೋಗಕ್ಕೆ ಬರದು. ಒಂದು ಬಟ್ಟಲು ಒಣ ಮಣ್ಣು ತೆಗೆದುಕೊಳ್ಳಿ, ಚಮಚ ಚಮಚ ನೀರು ಹಾಕುತ್ತಾ ಪ್ರತಿ ಸಲ ಅಳೆದು ಬರೆಯಿರಿ, ಗ್ರಾಫ್ ಹಾಳೆಯ ಮೇಲೆ ಹಾಕಿ. ಎರೆ ಮಣ್ಣಿಗೆ ಒಂದು ಗೆರೆ, ಬೀದರ್ ಕಡೆಯ ಕೆಂಪು ಮಣ್ಣು ಸಿಕ್ಕರೆ ಅದಕ್ಕೆ ಇನ್ನೊಂದು.

5. ಆ ಗ್ರಾಫ್ ನೋಡಿ, ಯಾವ ಸಂಖ್ಯೆಗಿಂತ ಕೆಳಗೆ ಇಳಿದರೆ ನೀರು ಬೇಕು ಅಂತ ಮಕ್ಕಳೇ ತೀರ್ಮಾನಿಸಲಿ. ಕೆಳಗಿದ್ದರೆ ಅಳುಮುಖ, ಮೇಲಿದ್ದರೆ ನಗುಮುಖ, 25 ದೀಪದಲ್ಲಿ ಎರಡೂ ಚೆನ್ನಾಗಿ ಕಾಣುತ್ತವೆ.

ಬೋರ್ಡಿನಲ್ಲಿ ತಾಪಮಾನ ಅಳೆಯುವ ತುಂಡೂ ಇದೆ. ಅದು ಅಳೆಯುವುದು ತನ್ನ ಎಲೆಕ್ಟ್ರಾನಿಕ್ ಚಿಪ್‌ನ ಬಿಸಿಯನ್ನು, ಹಾಗಾಗಿ ಹೊರಗಿನ ಗಾಳಿಗಿಂತ ಒಂದಷ್ಟು ಡಿಗ್ರಿ ಜಾಸ್ತಿ ತೋರಿಸಬಹುದು. ಪ್ರಯೋಗಾಲಯದ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಹೋಲಿಸಿ.

ಇಷ್ಟು ಮಾಡಿದ ಮಕ್ಕಳಿಗೆ ಇನ್‌ಸ್ಪೈರ್ ಮಾನಕ್ ಎಂಬ ಪ್ರಶಸ್ತಿ ಯೋಜನೆಯ ಬಗ್ಗೆ ಹೇಳಿ. ಆಯ್ಕೆಯಾದ ವಿಚಾರಕ್ಕೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 10,000 ರೂಪಾಯಿ ಕೊಡುತ್ತದೆ, ಶಾಲೆಯ ಮೂಲಕವೇ ಅರ್ಜಿ ಹಾಕಬೇಕು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ. ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ನೆರವಿನ ಕೈಕೆಲಸದ ಪ್ರಯೋಗಾಲಯ) ಇರುವ ಶಾಲೆ ಹತ್ತಿರದಲ್ಲಿದ್ದರೆ ಅಲ್ಲಿನವರನ್ನು ಒಂದು ಮಾತು ಕೇಳಿ ನೋಡಿ, ಒಂದು ಶನಿವಾರ ಬಿಟ್ಟುಕೊಟ್ಟಾರು.

ನಮ್ಮ ತೇವದ ಮೀಟರ್ ತರಗತಿಯಲ್ಲಿ ಸರಿಯಾಗಿ ಓಡಿತು. ಹೊಲಕ್ಕೆ ಒಯ್ದಾಗ ಹುಚ್ಚೆದ್ದಿತು. ತೊಗರಿ ರಾಶಿ ಮುಗಿದ ಮೇಲೆ, ಫೆಬ್ರವರಿಯಲ್ಲಿ, ಒಬ್ಬ ವಿದ್ಯಾರ್ಥಿಯ ಮನೆಯ ಹೊಲ. ಒಂದು ಕಡೆ ಚುಚ್ಚಿದರೆ ನಗುಮುಖ, ಒಂದು ಗೇಣು ಆಚೆ ಚುಚ್ಚಿದರೆ ಅಳುಮುಖ. ಹುಡುಗರು ವೈರ್ ಬದಲಿಸಿದರು, ಸೆಲ್ ಬದಲಿಸಿದರು, ಪ್ರೋಗ್ರಾಂ ಮತ್ತೆ ಹಾಕಿದರು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದೆ. ನಿಜ ಹೇಳಬೇಕಂದರೆ ಕಾರಣ ನನಗೂ ಗೊತ್ತಿರಲಿಲ್ಲ.

ಕಡೆಗೆ ಒಬ್ಬಳು ಕೂತು ಮೊಳೆಯ ಸುತ್ತ ಬೆರಳಿನಿಂದ ಮಣ್ಣು ಸರಿಸಿದಳು. "ಟೀಚರ್, ಮೊಳಿ ಬಿರುಕಿನ್ಯಾಗ ಕುಂತದ್ರಿ." ಎರೆ ಮಣ್ಣು ಒಣಗಿದರೆ ಬಾಯಿ ಬಿಡುತ್ತದಲ್ಲ, ಮೊಳೆಯ ಒಂದು ಬದಿಗೆ ಮಣ್ಣೇ ತಾಗಿರಲಿಲ್ಲ. ಮೀಟರ್ ಅಳೆಯುತ್ತಿದ್ದುದು ಬಿರುಕಿನ ಗಾಳಿಯನ್ನು.

ಹಾಗಾಗಿ ಆರನೇ ಹಂತವನ್ನು ಅವಳ ಗುಂಪೇ ಬರೆಯಿತು: ಒಂದೇ ಜಾಗದ ಸುತ್ತ ಐದು ಕಡೆ ಅಳೆಯಿರಿ, ಬಿರುಕು ಬಿಟ್ಟು ಚುಚ್ಚಿ, ಐದರ ಸರಾಸರಿ ತೆಗೆಯಿರಿ. ಸರಾಸರಿ ತಾನೇ ಲೆಕ್ಕ ಹಾಕುವ ಹಾಗೆ ಪ್ರೋಗ್ರಾಂ ತಿದ್ದಲು ಅವರಿಗೆ ಇನ್ನೂ ಎರಡು ಪೀರಿಯಡ್ ಬೇಕಾಯಿತು.